ಅರಿವೆಯ ಒಳಮೈ

ಅರಸರ ಪಟ್ಟಾಭಿಷೇಕಗಳ ತಿಥಿಗಳನ್ನು ಶ್ರದ್ಧೆಯಿಂದ ಬರೆದಿಟ್ಟ ಇತಿಹಾಸವು ಮಕ್ಕಳ ಅಂಗಿಯ ವಿಷಯದಲ್ಲಿ ಬಹುಮಟ್ಟಿಗೆ ಮೌನವನ್ನೇ ತಾಳಿದೆ. ಕೂಸು ಏನನ್ನು ಉಟ್ಟಿತೆಂಬುದನ್ನು ಒಂದೆರಡು ಮಾತುಗಳಲ್ಲಿ ಹೇಳಿದವರುಂಟು; ಅದು ಏನನ್ನು ಉಡಲೊಲ್ಲೆನೆಂದು ಅತ್ತಿತೆಂಬುದನ್ನು ಹೇಳಿದವರು ವಿರಳ. ಬೆಳಗಾವಿ ಜಿಲ್ಲೆಯ ಮೇಲೆ 1884ರಲ್ಲಿಯೂ ಕೊಲ್ಹಾಪುರ ಸಂಸ್ಥಾನದ ಮೇಲೆ 1886ರಲ್ಲಿಯೂ ಮುಂಬಯಿ ಸರಕಾರವು ಹೊರಡಿಸಿದ ಗ್ಯಾಝೆಟಿಯರ್ ಸಂಪುಟಗಳು ಜಾತಿ ಜಾತಿಗಳ ಉಡಿಗೆ ತೊಡಿಗೆಗಳನ್ನು ವಿವರಿಸಿವೆ. ಸೀರೆ, ಧೋತರ, ರುಮಾಲು, ಕಂಬಳಿ ಎಲ್ಲವೂ ಅಲ್ಲಿ ಉಲ್ಲೇಖಿತವಾಗಿವೆ. ಆದರೆ ಅದೇ ಅರಿವೆಯು ಮೈಗೆ ತಗುಲಿದಾಗ ಹೇಗಿರುತ್ತಿತ್ತೆಂಬುದನ್ನು ತಿಳಿಯಬೇಕಾದರೆ ಬೇರೆ ಕಡೆಗೆ ನೋಡಬೇಕಾಗುತ್ತದೆ.

ಮುಗಳಖೋಡದ ಪೇಟೆಯಲ್ಲಿ ದೀಪಾವಳಿಯ ಮುಂಚಿನ ದಿನಗಳಲ್ಲಿ ಯಾವ ವರುಷವಾದರೂ ಕಾಣಬಹುದಾದ ಒಂದು ನೋಟವನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಲಿ. ತಾಯಿ, ಆಯಿ, ಐದಾರು ವರುಷದ ಹುಡುಗಿ, ಈ ಮೂವರು ಅರಿವೆಯ ಅಂಗಡಿಯ ಗಾದಿಯ ಮೇಲೆ ಕುಳಿತಿದ್ದಾರೆ. ಜರಿಯಂಚಿನ ಪರಕಾರವೊಂದನ್ನು ತಾಯಿ ಹುಡುಗಿಯ ನಡುವಿಗೆ ಹಿಡಿದು ನೋಡುತ್ತಾಳೆ. ಹುಡುಗಿ ಅದನ್ನು ತಳ್ಳಿ, “ಯವ್ವಾ, ಚುಚ್ಚತೈತಿ, ನಾ ಒಲ್ಲೆ” ಎನ್ನುತ್ತಾಳೆ. “ಎಷ್ಟ ಚಂದ ಐತಿ ನೋಡು” ಎಂದು ತಾಯಿಯ ಸಮಾಧಾನ. “ಯಕ್ಕಾ, ಒಂದ ಸಲ ಒಗದ್ರ ಮೆತ್ತಗಾಗತೈತಿ, ಒಯ್ರಿ” ಎಂದು ಅಂಗಡಿಯವನ ಭರವಸೆ. ಹುಡುಗಿ ಅಳತೊಡಗುತ್ತಾಳೆ. ಬಾಗಿಲಲ್ಲಿ ನಿಂತ ಯಾರೋ ಒಬ್ಬರು “ಭಾಳ ಹಟಮಾರಿ ಕೂಸು” ಎಂದು ನಗುತ್ತಾರೆ. ಆಯಿ ಮಾತ್ರ ಏನೂ ನುಡಿಯದೆ ಪರಕಾರದ ಅಂಚನ್ನು ಮಗುಚಿ, ಅದರ ಒಳಮೈಯನ್ನು ತನ್ನ ಮುಂಗೈಯ ತೊಗಲಿಗೆ ಸವರಿ ನೋಡುತ್ತಾಳೆ.

ಆ ಮುದುಕಿಯ ಕೈಯಲ್ಲಿ ಒಂದು ದೀರ್ಘವಾದ ಇತಿಹಾಸವು ಅಡಗಿದೆ. ಅರಿವೆಗೆ ಎರಡು ಮೈಗಳುಂಟು. ಹೊರಮೈ ನೋಡುವವರದು, ಒಳಮೈ ಉಟ್ಟವರದು. ಹಿರಿಯರು ಅಂಗಡಿಯಲ್ಲಿ ಬಣ್ಣ, ಅಂಚು, ಬಾಳಿಕೆ, ಬೆಲೆ, ನೆರೆಯವರ ಮೆಚ್ಚಿಕೆ ಇವನ್ನೆಲ್ಲ ನೋಡಿ ಹೊರಮೈಯನ್ನು ಕೊಳ್ಳುತ್ತಾರೆ. ಮಗುವಾದರೋ ದಿನವೆಲ್ಲ ಒಳಮೈಯಲ್ಲಿ ಬಾಳಬೇಕಾಗುತ್ತದೆ. ಈ ಎರಡು ಮೈಗಳ ನಡುವಿನ ದೂರವು ಎಲ್ಲ ಕಾಲದಲ್ಲಿಯೂ ಒಂದೇ ಸಮನಾಗಿರಲಿಲ್ಲ. ಅದು ಹೇಗೆ ಬೆಳೆಯಿತೆಂಬುದನ್ನು ಅರಿತರೆ, ಹಟವೆಂದು ಕರೆಯಲ್ಪಡುವ ಎಷ್ಟೋ ಅಳುಗಳ ಅರ್ಥವು ತಾನಾಗಿ ತಿಳಿಯುವುದು.

ಮುಗಳಖೋಡವು ರಾಯಬಾಗ ತಾಲೂಕಿನಲ್ಲಿ, ಉತ್ತರದ ಕೃಷ್ಣೆಗೂ ದಕ್ಷಿಣದ ಘಟಪ್ರಭೆಗೂ ನಡುವಣ ಬಯಲಿನಲ್ಲಿದೆ. ಯಲ್ಲಾಲಿಂಗ ಮಠದಿಂದಾಗಿ ಅದರ ಹೆಸರು ದೂರದವರೆಗೂ ಪರಿಚಿತವಾಗಿದೆ. ಈ ಸೀಮೆಯು ಬಹುಕಾಲ ಹಲವು ಆಳಿಕೆಗಳ ಕೂಡುದಾಣವಾಗಿತ್ತು. ರಾಯಬಾಗವು ಕೊಲ್ಹಾಪುರದ ಅರಸರದು. ಅಥಣಿ, ಚಿಕ್ಕೋಡಿಗಳು ಮುಂಬಯಿ ಇಲಾಖೆಯವು. ಮೂಡಣ ದಿಕ್ಕಿಗೆ ಜಮಖಂಡಿ, ಮುಧೋಳ, ಸಾಂಗಲಿ ಸಂಸ್ಥಾನಗಳ ಊರುಗಳು. 1948ರಲ್ಲಿ ದಕ್ಷಿಣದ ಚಿಕ್ಕ ಸಂಸ್ಥಾನಗಳೂ 1949ರಲ್ಲಿ ಕೊಲ್ಹಾಪುರವೂ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. ಆಳುವವರು ಎಷ್ಟು ಬದಲಾದರೂ ಅರಿವೆಯ ಹಾದಿ ಮಾತ್ರ ಒಂದೇ ಆಗಿತ್ತು. ಮಹಾಲಿಂಗಪುರ, ರಬಕವಿ, ಬನಹಟ್ಟಿಗಳಂಥ ನೇಕಾರರ ಊರುಗಳು ಇಲ್ಲಿಂದ ದೂರವಲ್ಲ. ಮಗ್ಗದಿಂದ ಇಳಿದ ಸೀರೆಯು ಸಂತೆಗೆ ಬಂದು, ಸಂತೆಯಿಂದ ಮನೆಗೆ ಬಂದು, ಮನೆಯಲ್ಲಿ ಹಳತಾಗಿ, ಕಡೆಗೆ ಕೂಸಿನ ಬಳಿಗೆ ಬರುತ್ತಿತ್ತು.

ಈ ಕಡೆಯ ಮಾತನ್ನು ಸ್ವಲ್ಪ ವಿವರಿಸುವುದು ಅವಶ್ಯ. ಹುಟ್ಟಿದ ಕೂಸಿಗೆ ಹೊಸ ಅರಿವೆಯನ್ನು ಹೊದಿಸದೆ ಹಳೆಯ ಅರಿವೆಯಲ್ಲಿಯೇ ಸುತ್ತುವುದು ನಾಡಿನಲ್ಲೆಲ್ಲ ಇದ್ದ ರೂಢಿ. ಅಜ್ಜನ ಹಳೆಯ ಧೋತರ, ಆಯಿಯ ಸವೆದ ಸೀರೆ, ಇವೇ ಅದರ ಮೊದಲ ಉಡುಪು. ಇದನ್ನು ಕೆಲವರು ಬಡತನವೆಂದೂ ಕೆಲವರು ದೃಷ್ಟಿ ತಾಕದಿರಲೆಂದು ಮಾಡಿದ ಶಾಸ್ತ್ರವೆಂದೂ ಹೇಳಿದರು. ಕಾರಣವು ಏನೇ ಇರಲಿ, ಫಲವು ಸ್ಪಷ್ಟವಾಗಿದೆ. ನೂರಾರು ಸಲ ಒಗೆದು, ಬಿಸಿಲಿಗೆ ಹರವಿ, ಮತ್ತೆ ಮತ್ತೆ ಉಟ್ಟ ಹತ್ತಿಯ ಅರಿವೆಯಲ್ಲಿ ಗಂಜಿಯ ಬಿರುಸಾಗಲಿ ನೂಲಿನ ಮುಳ್ಳಾಗಲಿ ಉಳಿದಿರುವುದಿಲ್ಲ. ಹಿರಿಯರ ಮೈಯೇ ಆ ಅರಿವೆಯನ್ನು ವರುಷಗಟ್ಟಲೆ ಹದಮಾಡಿ ಕೂಸಿಗೆ ಒಪ್ಪಿಸುತ್ತಿತ್ತು. ಹರಿದ ಸೀರೆಗಳನ್ನು ಪದರ ಪದರವಾಗಿ ಹಾಸಿ, ಸಣ್ಣ ಸಣ್ಣ ಹೊಲಿಗೆಯಿಂದ ಹೊಲಿದ ಕೌದಿಯ ಗುಣವೂ ಇದೇ. ಹೊಸ ಹಾಸಿಗೆಯಲ್ಲಿ ಹೊರಳಾಡುವ ಮಗು ಕೌದಿಯ ಮೇಲೆ ಕಣ್ಣು ಮುಚ್ಚುವುದನ್ನು ಕಾಣದ ಮನೆ ಈ ಸೀಮೆಯಲ್ಲಿ ಅಪರೂಪ.

ಹಾಗೆಂದ ಮಾತ್ರಕ್ಕೆ ಕೂಸಿಗೆ ಚೆಲುವಾದ ಉಡುಪು ಇರಲಿಲ್ಲವೆಂದಲ್ಲ. ತವರಿನಿಂದ ಬರುವ ಕುಂಚಿಗೆ, ಕುಲಾವಿಗಳ ಮೇಲೆ ಹೆಂಗಸರು ಕಸೂತಿಯನ್ನು ತೆಗೆಯುತ್ತಿದ್ದರು. ಕಸೂತಿಯ ನಾಲ್ಕು ಹೊಲಿಗೆಗಳಾದ ಗವಂತಿ, ಮುರಗಿ, ನೇಗಿ, ಮೆಂತೆಗಳಲ್ಲಿ ಮೊದಲಿನ ಎರಡು ಈ ವಿಷಯದಲ್ಲಿ ಗಮನಾರ್ಹವಾಗಿವೆ. ಅವುಗಳಲ್ಲಿ ದಾರಕ್ಕೆ ಗಂಟು ಹಾಕುವುದಿಲ್ಲ. ಒಮ್ಮೆ ಹೋದ ಹಾದಿಯಲ್ಲಿಯೇ ಸೂಜಿಯು ಮರಳಿ ಬಂದು ಬಿಟ್ಟ ಎಡೆಗಳನ್ನು ತುಂಬುತ್ತದೆ. ಆದುದರಿಂದ ಚಿತ್ತಾರವು ಎರಡು ಮೈಗಳಲ್ಲಿಯೂ ಒಂದೇ ತೆರನಾಗಿ ಮೂಡುವುದು. ಇದನ್ನು ಕಲೆಯ ಜಾಣ್ಮೆಯೆಂದು ಕಸೂತಿಯ ಅಭಿಮಾನಿಗಳು ಹೊಗಳುತ್ತಾರೆ, ಅದು ನಿಜ. ಆದರೆ ಕುಲಾವಿಯ ಒಳಗೆ ಇರುವುದು ಕೂಸಿನ ಎಳೆಯ ನೆತ್ತಿ. ಗಂಟಿಲ್ಲದ ಹೊಲಿಗೆಯ ಮೊದಲ ಪ್ರಯೋಜನವು ಆ ನೆತ್ತಿಗೆ ಸಲ್ಲುತ್ತಿತ್ತು. ನೋಡುವವರ ಕಣ್ಣಿಗೂ ಉಟ್ಟವರ ಮೈಗೂ ಒಂದೇ ಸೂಜಿಯಿಂದ ನ್ಯಾಯ ದೊರಕುತ್ತಿದ್ದ ಕಾಲವದು.

ಆ ಕಾಲವನ್ನು ಅತಿಯಾಗಿ ಕೊಂಡಾಡುವುದೂ ತರವಲ್ಲ. ಬಡವರ ಮಕ್ಕಳು ಉಡಿದಾರ, ಲಂಗೋಟಿಗಳಲ್ಲಿಯೇ ಬಾಲ್ಯವನ್ನು ಕಳೆದರು. ಅವರಿಗೆ ಒಲ್ಲೆನೆನ್ನಲು ಅರಿವೆಯೇ ಇರಲಿಲ್ಲ. ಚಳಿಗಾಲದಲ್ಲಿ ಕಂಬಳಿಯೊಂದೇ ಗತಿ. ದಖನಿನ ಕುರಿಯ ತುಪ್ಪಟವು ದಪ್ಪವಾದುದು, ಬಿರುಸಾದುದು. ಕಂಬಳಿಯು ಮಳೆಯನ್ನು ತಡೆಯುವುದು ಆ ಬಿರುಸಿನಿಂದಲೇ. ಮಾಘದ ಭಾರತ ಹುಣ್ಣಿಮೆಗೆ ಚಿಂಚಲಿಯ ಮಾಯಕ್ಕನ ಜಾತ್ರೆಗೆ ಬರುವ ಕುರುಬರ ಹೆಗಲ ಮೇಲೆ ಅದು ಶೋಭಿಸುತ್ತದೆ. ಎಳೆಯ ಕೂಸಿನ ಕೊರಳಿಗೆ ಅದು ಚುಚ್ಚದೆ ಇರಲಾರದು. ಇದನ್ನು ಅರಿತ ತಾಯಂದಿರು ಕಂಬಳಿಯ ಕೆಳಗೆ ಹಳೆಯ ಸೀರೆಯ ಒಂದು ಪದರವನ್ನು ಹಾಸುತ್ತಿದ್ದರು. ಚುಚ್ಚುವುದೆಂದು ಕೂಸು ಅತ್ತರೆ ಅದನ್ನು ಬಯ್ಯುವುದಕ್ಕಿಂತ ನಡುವೆ ಒಂದು ಮೆತ್ತನೆಯ ಪದರವನ್ನು ಇಡುವುದೇ ಆ ಕಾಲದ ಉಪಾಯವಾಗಿತ್ತು.

ಅರಿವೆಯನ್ನು ಕೊಳ್ಳುವುದು ಆಗ ನಿತ್ಯದ ಕೆಲಸವಲ್ಲ. ಮದುವೆಯ ಬಸ್ತಾ, ಯುಗಾದಿ, ದೀಪಾವಳಿ, ಊರ ಜಾತ್ರೆ, ಇವೇ ಅದರ ಸಮಯಗಳು. ಬಸ್ತಾ ಕಟ್ಟಿಸುವಾಗ ಬೀಗರು, ಬಿಜ್ಜರು, ಹಿರಿಯರು ಎಲ್ಲರೂ ಸೇರಿ ಅಂಗಡಿಯಲ್ಲಿ ದಿನವಿಡೀ ಕೂಡುವರು; ಮಕ್ಕಳ ಪಾಲಿಗೆ ಕಡೆಯಲ್ಲಿ ಒಂದು ತುಂಡು ಬೀಳುವುದು. ಅದನ್ನು ಸಿಂಪಿಗನು ಅಳೆದು ಹೊಲಿಯುವನು. ಬೆಳೆಯುವ ಕೂಸೆಂದು ನಾಲ್ಕು ಬೆರಳು ಸಡಿಲವಾಗಿ ಹೊಲಿದು, ಹೆಚ್ಚಿನ ಅರಿವೆಯನ್ನು ಒಳಗೆ ಮಡಿಸಿಡುವುದು ವಾಡಿಕೆ. ಸಡಿಲಾದ ಅಂಗಿಯು ಮೈಗೆ ಹಿತವಾದರೂ ಒಳಗಿನ ಮಡಿಕೆಯು ಕೆಲವೊಮ್ಮೆ ಒತ್ತುತ್ತಿತ್ತು. ಆದರೆ ಸಿಂಪಿಗನು ಊರವನು. ಮಗುವಿನ ಕೊರಳನ್ನೂ ಕಂಕುಳನ್ನೂ ಬಲ್ಲವನು. ಒತ್ತಿದ ಹೊಲಿಗೆಯನ್ನು ಬಿಚ್ಚಿಸಿಕೊಳ್ಳಲು ಅವನ ಕಟ್ಟೆಗೆ ಮರಳಿ ಹೋದರೆ ಸಾಕಾಗಿತ್ತು. ತಪ್ಪು ನಡೆದರೂ ಅದನ್ನು ತಿದ್ದುವ ಕೈ ಹತ್ತಿರದಲ್ಲಿಯೇ ಇದ್ದಿತು.

ಈ ಹತ್ತಿರವು ದೂರವಾಗತೊಡಗಿದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. 1861ರಿಂದ 1865ರವರೆಗೆ ಅಮೆರಿಕದಲ್ಲಿ ನಡೆದ ಅಂತರ್ಯುದ್ಧದಿಂದ ಇಂಗ್ಲಂಡದ ಲ್ಯಾಂಕಾಶಯರ್ ಗಿರಣಿಗಳಿಗೆ ಹತ್ತಿ ದೊರೆಯದಂತಾಯಿತು. ಧಾರವಾಡ, ಬೆಳಗಾವಿ ಸೀಮೆಯ ಹತ್ತಿಗೆ ಒಮ್ಮಿಂದೊಮ್ಮೆಲೆ ಬೇಡಿಕೆ ಬಂದಿತು. ಭಾರತದ ಹತ್ತಿಯ ಎಳೆ ಗಿಡ್ಡ. ಅದರ ನೂಲು ಮಗ್ಗದಲ್ಲಿ ಬೇಗ ಹರಿಯುವುದು. ಅದಕ್ಕಾಗಿ ಗಿರಣಿಯವರು ಹಾಸಿಗೆ ಹಿಟ್ಟಿನ ಸರಿಯನ್ನೂ ಬಿಳಿಯ ಜೇಡಿಮಣ್ಣನ್ನೂ ಧಾರಾಳವಾಗಿ ಹಚ್ಚತೊಡಗಿದರು. ಯುದ್ಧವು ಮುಗಿದರೂ ಈ ಪದ್ಧತಿಯು ನಿಲ್ಲಲಿಲ್ಲ, ಏಕೆಂದರೆ ಮಣ್ಣು ಬೆರೆತ ಅರಿವೆ ತೂಕವಾಗಿ, ಒತ್ತಾಗಿ ಕಾಣುತ್ತಿತ್ತು. ಕೈಮಗ್ಗದ ನೇಕಾರನೂ ಹಾಸಿಗೆ ಗಂಜಿಯನ್ನು ಹಚ್ಚುವವನೇ. ಆದರೆ ಅವನದು ನೂಲು ಹರಿಯದಿರಲೆಂದು ಹಚ್ಚಿದ ಗಂಜಿ. ಇದು ಕೊಳ್ಳುವವರ ಕಣ್ಣನ್ನೂ ಕೈಯನ್ನೂ ಮರುಳುಗೊಳಿಸಲೆಂದು ತುಂಬಿದ ಮಣ್ಣು. ಮೊದಲ ಒಗೆತದಲ್ಲಿ ಅದು ನೀರಿನೊಡನೆ ಹೋದ ಮೇಲೆ ಉಳಿಯುವುದು ತೆಳುವಾದ ಬಟ್ಟೆ. “ಒಗದ್ರ ಮೆತ್ತಗಾಗತೈತಿ” ಎಂಬ ಅಂಗಡಿಯವರ ಮಾತಿನಲ್ಲಿ ಈ ಇತಿಹಾಸದ ನೆನಪು ಇಂದಿಗೂ ಇದೆ. ಅಂಗಡಿಯಲ್ಲಿ ಮುಟ್ಟಿದ ಅರಿವೆಯೇ ಬೇರೆ, ಒಗೆದ ಅರಿವೆಯೇ ಬೇರೆ ಎಂಬುದನ್ನು ಅದು ಒಪ್ಪಿಕೊಳ್ಳುತ್ತದೆ.

1880ರ ದಶಕದ ಕೊನೆಯ ವರುಷಗಳಲ್ಲಿ ದಕ್ಷಿಣ ಮರಾಠಾ ರೈಲ್ವೆಯು ಮಿರಜ, ಕುಡಚಿ, ರಾಯಬಾಗ, ಘಟಪ್ರಭಾಗಳ ಹಾದಿಯಲ್ಲಿ ಬೆಳಗಾವಿಗೆ ಬಂದಿತು. ಅದೇ ಸುಮಾರಿಗೆ, 1885ರಲ್ಲಿ ಸ್ಥಾಪಿತವಾದ ಗೋಕಾಕದ ಕಂಪನಿಯು ಜಲಪಾತದ ಬಲದಿಂದ ನೂಲಿನ ಗಿರಣಿಯನ್ನು ನಡೆಯಿಸತೊಡಗಿತು. ನೇಕಾರನಿಗೆ ಗಿರಣಿಯ ನೂಲು, ಪೇಟೆಗೆ ಗಿರಣಿಯ ಥಾನು, ಸಿಂಪಿಗನ ಕಟ್ಟೆಗೆ ಹೊಲಿಗೆಯ ಯಂತ್ರ, ಹೀಗೆ ಒಂದು ತಲೆಮಾರಿನೊಳಗೆ ಅರಿವೆಯ ಮೂರು ಹಂತಗಳೂ ಬದಲಾದವು. ಮಂಜರಪಾಟದ ಅಂಗಿ, ಚಣ್ಣಗಳು ಹುಡುಗರಿಗೂ ಪರಕಾರ ಪೋಲಕಗಳು ಹುಡುಗಿಯರಿಗೂ ಸಾಮಾನ್ಯವಾದವು. ಯಂತ್ರದ ಹೊಲಿಗೆಯು ಗಟ್ಟಿ, ಶೀಘ್ರ, ಅಗ್ಗ. ಆದರೆ ಕೈಸೂಜಿಯ ಹೊಲಿಗೆಯಂತೆ ಅದು ಮೈಯೊಡನೆ ಬಾಗುವುದಿಲ್ಲ. ಅದರ ಅಂಚು ಒಳಗೆ ಏಣಿನಂತೆ ನಿಲ್ಲುತ್ತದೆ. ಅರಿವೆಯು ಹೆಚ್ಚು ಮಂದಿಗೆ ದೊರೆಯುವಂತಾದುದು ನಿಶ್ಚಯವಾಗಿಯೂ ಲಾಭವೇ. ಬರಿಮೈಯಲ್ಲಿದ್ದ ಮಕ್ಕಳು ಅಂಗಿಯನ್ನು ಕಂಡದ್ದು ಈ ಯಂತ್ರಗಳಿಂದಲೇ. ಲಾಭದೊಡನೆ ಬಂದ ಒಂದು ನಷ್ಟವನ್ನೂ ಮರೆಯಬಾರದು: ಒಳಮೈಯನ್ನು ಯೋಚಿಸಿ ಮಾಡುವ ಕೈ ಮತ್ತು ಒಳಮೈಯಲ್ಲಿ ಬಾಳುವ ಮೈ, ಇವೆರಡರ ಪರಿಚಯವು ತಪ್ಪಿಹೋಯಿತು.

ಇಪ್ಪತ್ತನೆಯ ಶತಮಾನದಲ್ಲಿ ಅರಿವೆಗೆ ರಾಷ್ಟ್ರದ ಅರ್ಥವೂ ಕೂಡಿಕೊಂಡಿತು. 1924ರ ಡಿಸೆಂಬರದಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕೂಡಿದ ಕಾಂಗ್ರೆಸ್ಸು, ಸದಸ್ಯತ್ವಕ್ಕೆ ತಿಂಗಳಿಗೆ 2000 ಗಜ ಕೈನೂಲನ್ನು ಕೊಡಬೇಕೆಂಬ ನಿಯಮವನ್ನು ಸ್ವೀಕರಿಸಿತು. ಗಂಗಾಧರರಾವ ದೇಶಪಾಂಡೆಯವರ ಪರಿಶ್ರಮದಿಂದ ಹುದಲಿಯು ಖಾದಿಯ ಕೇಂದ್ರವಾಗಿ ಬೆಳೆಯಿತು. 1937ರಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನವು ಅಲ್ಲಿಯೇ ಜರುಗಿತು. ಮನೆಯ ಹಿರಿಯರು ಖಾದಿಯನ್ನು ವ್ರತವೆಂದು ಉಟ್ಟರು. ವ್ರತವನ್ನು ಅರಿಯದ ಮಗುವಿಗೆ ಅದು ದಪ್ಪ ನೂಲಿನ, ಒರಟಾದ ಅಂಗಿಯೇ ಆಗಿತ್ತು. ಹಿರಿಯರ ಧ್ಯೇಯವು ಎಷ್ಟು ಉನ್ನತವಾದರೂ ಮಗುವಿನ ತೊಗಲಿಗೆ ಧ್ಯೇಯದ ಭಾಷೆ ಬಾರದು. ಆದರೆ ಖಾದಿಯ ಪರವಾಗಿಯೂ ಒಂದು ಮಾತನ್ನು ಹೇಳಲೇಬೇಕು. ಗಿರಣಿಯ ಅರಿವೆಯ ಹೊಳಪು ಒಗೆದಂತೆ ಕುಂದಿದರೆ, ಖಾದಿಯು ಒಗೆದಂತೆ ಹದವಾಗುವುದು. ಅಣ್ಣನು ಒಂದು ವರುಷ ತೊಟ್ಟ ಖಾದಿಯ ಅಂಗಿಯು ತಮ್ಮನಿಗೆ ಮೆತ್ತಗಾಗಿ ಬರುತ್ತಿತ್ತು. ಹಳೆಯ ಅರಿವೆಯ ಹಳೆಯ ಧರ್ಮವು ಇಲ್ಲಿ ಮತ್ತೊಮ್ಮೆ ಕಾಣಿಸಿಕೊಂಡಿತು.

ಎರಡನೆಯ ಮಹಾಯುದ್ಧವು ಆಯ್ಕೆಯೆಂಬುದನ್ನೇ ಕಸಿದುಕೊಂಡಿತು. ಅರಿವೆಯ ಬೆಲೆ ಏರಿ, ಸರಕು ಮಾಯವಾಗಲು, ಸರಕಾರವು 1943ರಲ್ಲಿ ಹತ್ತಿಯ ಅರಿವೆ ಮತ್ತು ನೂಲಿನ ನಿಯಂತ್ರಣದ ಆಜ್ಞೆಯನ್ನು ಹೊರಡಿಸಿತು. ಗಿರಣಿಯ ಅರಿವೆಯ ಮೇಲೆ ಬೆಲೆಯ ಮುದ್ರೆ ಬಿದ್ದಿತು. ಬಡವರಿಗಾಗಿ ಒಂದೇ ಬಗೆಯ ಅಗ್ಗದ ಅರಿವೆಯು ಬಂದಿತು. ಸರದಿಯಲ್ಲಿ ನಿಂತು ಪಡೆದ ತುಂಡನ್ನು ಒಲ್ಲೆನೆನ್ನುವ ಸ್ವಾತಂತ್ರ್ಯವು ದೊಡ್ಡವರಿಗೇ ಇರಲಿಲ್ಲ. ಮಕ್ಕಳ ಮಾತು ದೂರವೇ ಉಳಿಯಿತು. 1948ರ ಜನವರಿಯಲ್ಲಿ ನಿಯಂತ್ರಣವನ್ನು ತೆಗೆಯಲಾಗಿ ಬೆಲೆಗಳು ಹಾರಿದವು. ಅದೇ ವರುಷ ಮತ್ತೆ ನಿಯಂತ್ರಣವು ಬಂದಿತು. “ಕೊಟ್ಟದ್ದನ್ನ ಹಾಕ್ಕೊ” ಎಂಬ ಹಿರಿಯರ ಮಾತಿನ ಹಿಂದೆ ಕಾಠಿಣ್ಯವೊಂದೇ ಇಲ್ಲ. ಇಂಥ ಕೊರತೆಯ ವರುಷಗಳ ಭಯವೂ ಇದೆ. ಆ ಕಾಲವನ್ನು ಬಾಳಿದವರ ಮಕ್ಕಳು ಮೊಮ್ಮಕ್ಕಳಿಗೂ ಆ ಮಾತು ಆಸ್ತಿಯಂತೆ ಇಳಿದುಬಂದಿತು. ಭಯದ ಕಾರಣವು ಮರೆತುಹೋಯಿತು, ಮಾತು ಮಾತ್ರ ಉಳಿಯಿತು.

ಮುಂದಿನ ದಶಕಗಳಲ್ಲಿ ಬದಲಾವಣೆಯ ವೇಗವು ಇಮ್ಮಡಿಸಿತು. 1956ರ ತೂಕ ಅಳತೆಗಳ ಕಾಯದೆಯ ತರುವಾಯ ಅಂಗಡಿಯಲ್ಲಿ ವಾರದ ಬದಲು ಮೀಟರು ಬಂದಿತು. 1960, 1970ರ ದಶಕಗಳಲ್ಲಿ ನಾಯ್ಲಾನು, ಟೆರಿಲೀನುಗಳು ಬಂದವು. ಸುಕ್ಕು ಬೀಳದ, ಬೇಗ ಒಣಗುವ, ವರುಷಗಟ್ಟಲೆ ಬಣ್ಣ ಕೆಡದ ಈ ಅರಿವೆಯನ್ನು ದುಡಿಯುವ ತಾಯಂದಿರು ವರವೆಂದು ಸ್ವಾಗತಿಸಿದರು. ಆದರೆ ಬೆವರನ್ನು ಹೀರದ ಆ ಅರಿವೆಯು ಕೃಷ್ಣಾ ತೀರದ ಬೇಸಗೆಯಲ್ಲಿ ಮಕ್ಕಳ ಮೈಗೆ ಅಂಟಿಕೊಳ್ಳುತ್ತಿತ್ತು. ಅನಂತರ ಸಿದ್ಧ ಉಡುಪು ಬಂದಿತು. ಲಾಡಿಯು ಹೋಗಿ ನಡುವನ್ನು ಒತ್ತುವ ಎಲಾಸ್ಟಿಕ್ಕು ಬಂದಿತು. ಕೊರಳ ಹಿಂದೆ ಕಂಪನಿಯ ಹೆಸರಿನ ಬಿರುಸಾದ ಚೀಟಿ ಬಂದಿತು. ಒಳಗಿನ ಅಂಚಿಗೆ ನಾಯ್ಲಾನು ದಾರದ ಇಂಟರ್‌ಲಾಕ್ ಹೊಲಿಗೆ ಬಂದಿತು. ಹೊರಮೈಯಲ್ಲಿ ಗೊಂಬೆ, ಹೂವು, ಮಿಣುಕುಗಳು ಹೆಚ್ಚಿದಂತೆಲ್ಲ ಅವನ್ನು ಹಿಡಿದಿಟ್ಟ ಅಂಟು, ದಾರ, ಗಂಟುಗಳು ಒಳಮೈಯಲ್ಲಿ ಹೆಚ್ಚಿದವು. ಗವಂತಿ ಹೊಲಿಗೆಯ ಕುಲಾವಿಗೂ ಮಿಣುಕು ಹಚ್ಚಿದ ಫ್ರಾಕಿಗೂ ಇರುವ ಅಂತರವನ್ನು ತಿಳಿಯಬೇಕಾದರೆ ಎರಡನ್ನೂ ಮಗುಚಿ ನೋಡಿದರೆ ಸಾಕು.

ಇತ್ತ ವಿದ್ವಾಂಸರ ಲೋಕದಲ್ಲಿ ಮಕ್ಕಳ ಉಡುಪಿನ ವಿಚಾರವು ಬೇರೊಂದು ದಾರಿಯಿಂದ ನಡೆದಿತ್ತು. ಇಂಗ್ಲಂಡದ ತತ್ತ್ವಜ್ಞ ಜಾನ್ ಲಾಕನು 1693ರ ತನ್ನ ಶಿಕ್ಷಣಗ್ರಂಥದಲ್ಲಿ ಮಕ್ಕಳಿಗೆ ಬಿಗಿಯಾದ ಉಡುಪು ಸಲ್ಲದೆಂದನು. ಫ್ರಾನ್ಸಿನಲ್ಲಿ ರೂಸೋ 1762ರ ‘ಎಮಿಲ್’ ಗ್ರಂಥದಲ್ಲಿ ಕೂಸನ್ನು ಪಟ್ಟಿಗಳಿಂದ ಬಿಗಿದು ಸುತ್ತುವ ಪದ್ಧತಿಯನ್ನು ಖಂಡಿಸಿದನು. ಇಬ್ಬರೂ ಅವಯವಗಳ ಸ್ವಾತಂತ್ರ್ಯವನ್ನು ಎತ್ತಿಹಿಡಿದರು. ತೊಗಲಿನ ಮಾತನ್ನು ಆಲಿಸಲು ಮತ್ತೆರಡು ಶತಮಾನಗಳು ಬೇಕಾದವು. ಜೀನ್ ಏರ್ಸ್ ಎಂಬ ಅಮೆರಿಕದ ವಿದುಷಿಯು 1964ರಲ್ಲಿ ಮಕ್ಕಳ ಸ್ಪರ್ಶಜ್ಞಾನದ ಮೇಲೆ ಬರೆದ ಲೇಖನದಲ್ಲಿಯೂ 1972ರ ಗ್ರಂಥದಲ್ಲಿಯೂ ಒಂದು ಸಂಗತಿಯನ್ನು ಎತ್ತಿತೋರಿಸಿದಳು: ಇತರರು ಗಮನಿಸದೆ ಬಿಡುವ ಹಗುರಾದ ಸ್ಪರ್ಶವು ಕೆಲವು ಮಕ್ಕಳಿಗೆ ಸಹಿಸಲಾಗದ್ದಾಗಿರುತ್ತದೆ. ಅಂಗಿಯನ್ನು ತೊಟ್ಟ ಸ್ವಲ್ಪ ಹೊತ್ತಿನಲ್ಲಿ ಅದರ ಅರಿವು ಹೆಚ್ಚಿನವರಿಗೆ ಮರೆಯಾಗುತ್ತದೆ. ಈ ಮಕ್ಕಳಿಗಾದರೋ ಅದು ಸಂಜೆಯವರೆಗೂ ಮರೆಯಾಗುವುದಿಲ್ಲ.

ಚುಚ್ಚುವುದೆಂಬುದು ಬರಿಯ ಕಲ್ಪನೆಯಲ್ಲವೆಂಬುದನ್ನು ಆಸ್ಟ್ರೇಲಿಯದ ವಿಜ್ಞಾನಿಗಳು 1988ರಲ್ಲಿ ಅಳೆದೇ ತೋರಿಸಿದರು. ಅರಿವೆಯಿಂದ ಹೊರಗೆ ಚಾಚಿದ ಎಳೆಯ ತುದಿಯು ಸುಮಾರು 75 ಮಿಲಿಗ್ರಾಂ ಭಾರಕ್ಕೂ ಬಾಗದಷ್ಟು ಬಿರುಸಾಗಿದ್ದರೆ, ತೊಗಲಿನಲ್ಲಿರುವ ನೋವಿನ ನರಗಳು ಎಚ್ಚರಗೊಳ್ಳುತ್ತವೆ. ಉಣ್ಣೆಯಲ್ಲಿ ಇಂಥ ತುದಿಗಳು ಸುಮಾರು 30 ಮೈಕ್ರಾನಿಗಿಂತ ದಪ್ಪವಾದ ಎಳೆಗಳವು. ಕಂಬಳಿಯ ಕೆಳಗೆ ಸೀರೆಯ ಪದರವನ್ನು ಹಾಸಿದ ತಾಯಿಗೆ ಈ ಲೆಕ್ಕವು ತಿಳಿದಿರಲಿಲ್ಲ. ಆದರೂ ಅವಳ ಉತ್ತರವು ಸರಿಯಾಗಿಯೇ ಇತ್ತು. ಮುಂದೆ 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ರೋಗನಿರ್ಣಯದ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ, ಇಂದ್ರಿಯಾನುಭವಗಳಿಗೆ ಅತಿಯಾಗಿ ಇಲ್ಲವೆ ಅತ್ಯಲ್ಪವಾಗಿ ಸ್ಪಂದಿಸುವುದನ್ನು ಸ್ವಲೀನತೆಯ, ಅಂದರೆ ಆಟಿಸಮ್ಮಿನ, ಲಕ್ಷಣಗಳ ಸಾಲಿನಲ್ಲಿ ಸೇರಿಸಿತು. ಅಂಗಿಯನ್ನು ಒಲ್ಲೆನೆನ್ನುವ ಮಕ್ಕಳೆಲ್ಲರೂ ಸ್ವಲೀನರೆಂದು ಇದರ ಅರ್ಥವಲ್ಲ. ಎಷ್ಟೋ ಮಕ್ಕಳ ತೊಗಲು ಸ್ವಭಾವತಃ ಸೂಕ್ಷ್ಮ. ಆದರೆ ಈ ಅಳುವಿಗೆ ಶರೀರದಲ್ಲಿ ಕಾರಣವಿರಬಹುದೆಂಬ ಮಾತನ್ನು ಇನ್ನು ಯಾರೂ ತಳ್ಳಿಹಾಕುವಂತಿಲ್ಲ.

ಹಾಗಾದರೆ ಮಕ್ಕಳಲ್ಲಿ ಹಟವೆಂಬುದೇ ಇಲ್ಲವೆ? ಇದೆ. ಗೆಳತಿಯ ಫ್ರಾಕಿನಂಥದೇ ಬೇಕೆಂದು ನೆಲದ ಮೇಲೆ ಹೊರಳಾಡುವ ಮಗು ಹೊರಮೈಯನ್ನು ಬೇಡುತ್ತಿದೆ. ಅದಕ್ಕೆ ಬುದ್ಧಿಯ ಮಾತು ಸಲ್ಲುವುದು. ಆದರೆ ತಾನೇ ಮೆಚ್ಚಿ ಆರಿಸಿದ ಬಣ್ಣದ ಅಂಗಿಯನ್ನೂ ತೊಟ್ಟೊಡನೆ ಕಿತ್ತೆಸೆಯುವ ಮಗು, ವರುಷವಿಡೀ ಒಂದೇ ಹಳೆಯ ಅಂಗಿಯನ್ನು ಬೇಡುವ ಮಗು, ಕೊರಳ ಹಿಂದಣ ಜಾಗವನ್ನೇ ಪ್ರತಿಸಲ ಕೈಯಿಂದ ತೋರಿಸುವ ಮಗು ಒಳಮೈಯ ಮಾತನ್ನಾಡುತ್ತಿದೆ. ಹಟವು ದಿನಕ್ಕೊಂದು ವಸ್ತುವನ್ನು ಬಯಸುತ್ತದೆ. ತೊಗಲಿನ ದೂರು ಎಂದೂ ಒಂದೇ ಆಗಿರುತ್ತದೆ. ಈ ಭೇದವನ್ನು ಅರಿಯದೆ ಹೊಡೆದು ಬಯ್ದು ಅಂಗಿ ತೊಡಿಸಿದ ಮನೆಗಳಲ್ಲಿ ಮಗುವು ಸಹನೆಯನ್ನು ಕಲಿಯುವುದಿಲ್ಲ. ತನ್ನ ಮೈ ಹೇಳುವ ಮಾತನ್ನು ಯಾರೂ ನಂಬುವುದಿಲ್ಲವೆಂಬ ಒಂದನ್ನೇ ಕಲಿಯುತ್ತದೆ. ಅರಿವೆಯ ವಿಷಯದಲ್ಲಿ ಕಲಿತ ಈ ಪಾಠವನ್ನು ಅದು ಮುಂದೆ ಹೊಟ್ಟೆನೋವಿನ ವಿಷಯದಲ್ಲಿಯೂ, ಅದಕ್ಕಿಂತ ಗಂಭೀರವಾದ ದೂರುಗಳ ವಿಷಯದಲ್ಲಿಯೂ ನೆನಪಿಡಬಹುದು. ಒಂದು ಅಂಗಿಯ ವ್ಯಾಪಾರದಲ್ಲಿ ಪಣಕ್ಕೆ ಬಿದ್ದಿರುವುದು ಇಷ್ಟು.

ಮನೆಯಲ್ಲಿ ಹಿರಿಯರು ಮನಸ್ಸು ಮಾಡಿದರೆ ಉಪಾಯವುಂಟು. ಶಾಲೆಯ ಸಮವಸ್ತ್ರದಲ್ಲಿ ಮಾತ್ರ ಆಯ್ಕೆ ಇಲ್ಲ. ಬಡವ ಬಲ್ಲಿದರೆಂಬ ಭೇದವು ತರಗತಿಯಲ್ಲಿ ಕಾಣದಿರಲೆಂಬ ಅದರ ಉದ್ದೇಶವು ಸ್ತುತ್ಯವಾದುದೇ. ಕರ್ನಾಟಕದ ಸರಕಾರಿ ಶಾಲೆಗಳ ಮಕ್ಕಳಿಗೆ ಅದು ವಿದ್ಯಾವಿಕಾಸ ಯೋಜನೆಯಲ್ಲಿ ಉಚಿತವಾಗಿ ದೊರೆಯುತ್ತ ಬಂದಿದೆ. ಹೊರಮೈಯ ಸಮಾನತೆಯನ್ನು ಕೆಡಿಸದೆಯೇ ಒಳಮೈಗೆ ರಿಯಾಯಿತಿ ತೋರಿಸುವುದು ಅಸಾಧ್ಯವಲ್ಲ. ಒಳಗೊಂದು ಮೆತ್ತನೆಯ ಹತ್ತಿಯ ಅಂಗಿಗೆ ಅನುಮತಿ, ಕೊರಳಪಟ್ಟಿಯ ಗುಂಡಿ ಬಿಚ್ಚಿಡಲು ಅನುಮತಿ, ಇಷ್ಟರಿಂದ ಶಿಸ್ತು ಕೆಡಲಾರದು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ 2016ರ ಕಾಯದೆಯು ಸ್ವಲೀನತೆಯನ್ನೂ ಒಳಗೊಂಡು 21 ಬಗೆಗಳನ್ನು ಹೆಸರಿಸಿ, ಅಂಥ ಮಕ್ಕಳ ಅವಶ್ಯಕತೆಗೆ ಒಪ್ಪುವ ಹೊಂದಾಣಿಕೆಯನ್ನು ಶಾಲೆಗಳು ಮಾಡಿಕೊಡಬೇಕೆಂದು ವಿಧಿಸಿದೆ. ಕಾಯದೆಯ ಬಲವಿಲ್ಲದ ಮಗುವಿಗೂ ಗುರುಗಳ ಕರುಣೆಯಿಂದ ಇದೇ ದೊರೆಯಬಹುದು.

ಅಂಗಡಿಗೆ ಹೋಗುವ ಮನೆಯವರಿಗೆ ಈ ಇತಿಹಾಸವು ಕಲಿಸುವ ಕ್ರಮವು ಬಹು ಸರಳ. ಅರಿವೆಯನ್ನು ಮೊದಲು ಮಗುಚಿ ನೋಡಬೇಕು. ಮಗುವಿನ ಕೊರಳಿಗೋ ಮುಂಗೈಗೋ ಒಳಮೈಯನ್ನು ತಾಗಿಸಿ, ಅದರ ಮೋರೆಯನ್ನು ನೋಡಬೇಕು. ಹೊಸದನ್ನು ಹಬ್ಬದ ದಿನವೇ ತೊಡಿಸದೆ ಎರಡು ಮೂರು ಸಲ ಒಗೆದು ಹದಗೊಳಿಸಬೇಕು. ಕೊರಳ ಚೀಟಿಯನ್ನು ಕತ್ತರಿಸಿದರೆ ಉಳಿದ ಮೊಳಕೆಯು ಇನ್ನಷ್ಟು ಚುಚ್ಚುವುದರಿಂದ, ಹೊಲಿಗೆಯನ್ನೇ ಬಿಚ್ಚಿ ತೆಗೆಯಬೇಕು. ಗದ್ದಲದ ಸಂಜೆಯನ್ನು ಬಿಟ್ಟು ಪೇಟೆ ಶಾಂತವಾಗಿರುವ ಮುಂಜಾನೆ ಹೋಗಬೇಕು. ಒಂದು ಅಂಗಿಯು ಮೈಗೆ ಒಪ್ಪಿದರೆ ಅದೇ ಬಗೆಯದನ್ನು ಮುಂದಿನ ಅಳತೆಯಲ್ಲಿಯೂ ಕೊಂಡಿಡಬೇಕು. ಇವುಗಳಲ್ಲಿ ಹೆಚ್ಚಿನವು ಹಿಂದಿನವರು ಮಾಡಿದ್ದೇ. ಅವರು ಹೊಸದನ್ನು ಹಳತುಮಾಡಿ ಕೊಟ್ಟರು, ಬಿರುಸಿನ ನಡುವೆ ಪದರವನ್ನಿಟ್ಟರು, ಗಂಟಿಲ್ಲದೆ ಹೊಲಿದರು.

ಮುಗಳಖೋಡದ ಅಂಗಡಿಯಲ್ಲಿ ಹುಡುಗಿ ಇನ್ನೂ ಬಿಕ್ಕುತ್ತಿದ್ದಾಳೆ. ಜರಿಯ ಒಳಮೈಯನ್ನು ಮುಂಗೈಗೆ ಸವರಿ ನೋಡಿದ ಆಯಿ, ಪರಕಾರವನ್ನು ಮಡಿಚಿ ಅಂಗಡಿಯವನತ್ತ ಸರಿಸಿ, “ಖರೇನ ಚುಚ್ಚತೈತಿ. ಇದರ ಒಳಗ ಅಸ್ತರಕ್ಕ ಒಂದ ಮೆತ್ತನ್ನ ಅರಿವಿ ತೋರಸ್ರಿ” ಎನ್ನುತ್ತಾಳೆ. ತಾಯಿ ಏನೋ ಹೇಳಹೋಗಿ ಸುಮ್ಮನಾಗುತ್ತಾಳೆ. ಹುಡುಗಿಯ ಅಳು ನಿಲ್ಲುವುದು ಅಸ್ತರದ ಅರಿವೆಯನ್ನು ಕಂಡಲ್ಲ. ಅದಿನ್ನೂ ಕಪಾಟಿನಿಂದ ಇಳಿದಿಲ್ಲ. “ಖರೇ” ಎಂಬ ಒಂದು ಮಾತನ್ನು ಕೇಳಿದೊಡನೆಯೇ ಅವಳು ಕಣ್ಣೊರೆಸಿಕೊಂಡು ಆಯಿಯ ತೊಡೆಯ ಬಳಿಗೆ ಸರಿದು ಕುಳಿತಿದ್ದಾಳೆ.